ತಲೆಗೊಂದು ಬಸಿಗಾಲುವೆ

ಸುದ್ದಿಯನ್ನು ಮೊದಲ ಸಾಲಿನಲ್ಲೇ ಹೇಳಬೇಕು ಎಂಬುದು ನಾನು ಮೂವತ್ತೊಂದು ವರ್ಷ ಪಾಲಿಸಿದ ನಿಯಮ. ಆದ್ದರಿಂದ ಮೊದಲು ಸುದ್ದಿ: ನಾನು ನಡೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಐನಾಪುರದ ನಮ್ಮ ಮನೆಯಿಂದ ಬಸದಿಗೆ, ಅಲ್ಲಿಂದ ಬಸ್ ನಿಲ್ದಾಣಕ್ಕೆ, ಪತ್ರಿಕೆ ಕೊಂಡು ಮತ್ತೆ ಮನೆಗೆ, ಯಾರ ಕೈಯನ್ನೂ ಹಿಡಿಯದೆ ಹೋಗಿ ಬಂದೆ. ದಾರಿಯಲ್ಲಿ ಇಬ್ಬರಿಗೆ ಪ್ರಶ್ನೆ ಕೇಳಿದೆ, ಒಬ್ಬರ ಜೊತೆ ಜಗಳವಾಡಿದೆ. ಹೋದ ವರ್ಷ ಇದೇ ಹೊತ್ತಿಗೆ ಮಂಚದಿಂದ ಬಾಗಿಲಿಗೆ ಹೋಗುವುದೇ ನನಗೆ ಒಂದು ಪ್ರಯಾಣವಾಗಿತ್ತು.

ಕಾಗವಾಡ, ಅಥಣಿ, ರಾಯಬಾಗ ಕಡೆಯ ಸುದ್ದಿಗಳನ್ನು ಒಂದು ದಿನಪತ್ರಿಕೆಗೆ ಕಳಿಸುತ್ತ ಬಂದವನು ನಾನು. ಮೊದಲು ಬಸ್ಸಿನ ಕಂಡಕ್ಟರ ಕೈಯಲ್ಲಿ ಲಕೋಟೆ ಕೊಟ್ಟು, ಆಮೇಲೆ ಫ್ಯಾಕ್ಸಿನಲ್ಲಿ, ಕೊನೆಗೆ ಮೊಬೈಲಿನಲ್ಲಿ ಕಳಿಸುತ್ತಿದ್ದೆ. ಕಂಡದ್ದನ್ನು ಕಂಡೆ ಎಂದು, ಕೇಳಿದ್ದನ್ನು ಕೇಳಿದೆ ಎಂದು ಬೇರೆ ಬೇರೆಯಾಗಿ ಬರೆಯುವುದು ಅಭ್ಯಾಸ. ಇಲ್ಲಿಯೂ ಹಾಗೆಯೇ ಮಾಡುತ್ತೇನೆ. ನಾನು ಮಂಕಾಗಿದ್ದ ಎಂಟು ತಿಂಗಳಿಗೆ ನಾನೇ ಪೂರ್ತಿ ಸಾಕ್ಷಿಯಲ್ಲ. ಅದರಲ್ಲಿ ಸ್ವಲ್ಪ ನನ್ನ ನೆನಪು, ಸ್ವಲ್ಪ ಟಿಪ್ಪಣಿ ಪುಸ್ತಕದಲ್ಲಿ ಸಿಕ್ಕದ್ದು, ಬಹುಪಾಲು ನನ್ನ ಹೆಂಡತಿ ಸುನಂದಾ ಹೇಳಿದ್ದು.

ನನ್ನ ಭಯ ಹುಟ್ಟಿದ್ದು ನಮ್ಮ ಮನೆಯಲ್ಲೇ. ಅಣ್ಣನನ್ನು ನಾವೆಲ್ಲ ದಾದಾ ಎನ್ನುತ್ತೇವೆ, ನನಗಿಂತ ಏಳು ವರ್ಷ ದೊಡ್ಡವನು. ನಾಲ್ಕು ವರ್ಷದ ಹಿಂದೆ ಅವನಿಗೆ ಅಲ್ಝೈಮರ್ ಎಂದು ಗೊತ್ತಾಯಿತು. ಚಹಾ ಕುಡಿದು ಕಪ್ಪು ಕೆಳಗಿಡುವಷ್ಟರಲ್ಲಿ ಚಹಾ ಇನ್ನೂ ಬಂದಿಲ್ಲ ಎನ್ನುತ್ತಾನೆ. ನನ್ನ ಹೆಸರು ಅವನ ಬಾಯಿಂದ ಹೋಗಿ ಎರಡು ವರ್ಷವಾಯಿತು. ಆದರೆ ದ್ರಾಕ್ಷಿ ತೋಟಕ್ಕೆ ಕರೆದೊಯ್ದು ಕೈಗೆ ಕತ್ತರಿ ಕೊಟ್ಟರೆ, ಬಳ್ಳಿಯನ್ನು ಎಲ್ಲಿ ಕತ್ತರಿಸಿದರೆ ಗೊಂಚಲು ಬರುತ್ತದೋ ಅಲ್ಲೇ ಕತ್ತರಿಸುತ್ತಾನೆ. ಕಾಲಂತೂ ಗಟ್ಟಿ, ಬೆನ್ನಟ್ಟಿದರೂ ಸಿಗುವುದಿಲ್ಲ.

ನನ್ನದು ಕಾಲಿನಿಂದಲೇ ಶುರುವಾಯಿತು. ಮಳೆ ಬಿದ್ದ ಎರೆಹೊಲದಲ್ಲಿ ಚಪ್ಪಲಿ ಹಾಕಿ ನಡೆದವರಿಗೆ ಹೇಗೆಂದು ಗೊತ್ತು. ಎತ್ತಬೇಕೆಂದರೆ ನೆಲ ಬಿಡುವುದಿಲ್ಲ. ನನಗೆ ಮನೆಯ ಫರಸಿಕಲ್ಲಿನ ನೆಲದ ಮೇಲೆಯೇ ಹಾಗಾಗುತ್ತಿತ್ತು. ತಿರುಗಬೇಕೆಂದರೆ ನಿಂತಲ್ಲೇ ಏಳೆಂಟು ಪುಟ್ಟ ಹೆಜ್ಜೆ. ಎರಡು ಸಲ ಬಿದ್ದೆ. ಆಮೇಲೆ ಯೋಚನೆ ನಿಧಾನವಾಯಿತು. ಕೇಳಿದ್ದು ತಿಳಿಯುತ್ತಿತ್ತು, ಉತ್ತರವೂ ಬರುತ್ತಿತ್ತು, ಆದರೆ ಕೇಳಿದವರು ಎದ್ದು ಹೋದ ಮೇಲೆ ಬರುತ್ತಿತ್ತು. ಮೂರನೆಯದನ್ನು ಯಾರಿಗೂ ಹೇಳಲಿಲ್ಲ. ಮೂತ್ರಕ್ಕೆ ಅವಸರವಾಗುತ್ತಿತ್ತು, ಬಚ್ಚಲು ಮುಟ್ಟುವ ತನಕ ತಡೆಯಲು ಆಗುತ್ತಿರಲಿಲ್ಲ.

ದಾದಾನ ರೋಗ ನನಗೂ ಬಂತು ಎಂದು ನಾನೇ ತೀರ್ಮಾನಿಸಿದೆ. ಯಾರನ್ನೂ ಕೇಳದೆ, ಎರಡನೆಯ ಮೂಲದಿಂದ ಖಚಿತಪಡಿಸಿಕೊಳ್ಳದೆ. ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಸಂಜೆ ಆ ದಿನ ಉಂಡದ್ದನ್ನು ಬರೆದು ನನ್ನನ್ನು ಪರೀಕ್ಷಿಸಿಕೊಂಡಿದ್ದೇನೆ: ‘ಜೋಳದ ರೊಟ್ಟಿ, ಹೆಸರು ಕಾಳಿನ ಪಲ್ಯ, ಮಜ್ಜಿಗೆ.’ ಒಂದೂ ತಪ್ಪಿಲ್ಲ. ನೆನಪು ಇತ್ತು. ಆ ಪುರಾವೆ ನನ್ನ ಕೈಯಲ್ಲೇ ಇದ್ದರೂ ಅದನ್ನು ಓದಲು ನನಗೆ ಬರಲಿಲ್ಲ.

ಇನ್ನು ಊರು ಮಾಡಿದ ತಪ್ಪು. ನಮ್ಮದು ಜೈನರ ಮನೆ. ಸೂರ್ಯ ಮುಳುಗುವ ಮೊದಲು ಊಟ ಮುಗಿಯುತ್ತದೆ. ನಾನು ಅದರ ಜೊತೆಗೆ ನೀರನ್ನೂ ಬಿಟ್ಟೆ. ರಾತ್ರಿ ಹಾಸಿಗೆ ಒದ್ದೆಯಾಗಬಾರದು ಎಂಬುದೊಂದೇ ಕಾರಣ. ನಾಲ್ಕಾರು ದಿನದಲ್ಲಿ ಬಸದಿಯಲ್ಲಿ ಸುದ್ದಿಯಾಯಿತು: ಪತ್ರಿಕೆಯವರು ರಾತ್ರಿ ನೀರೂ ಬಿಟ್ಟಾರ. ಮಾತು ಕಡಿಮೆಯಾದದ್ದಕ್ಕೆ ಮೌನ ಎಂದರು. ತಟ್ಟೆಗೆ ಬಂದದ್ದನ್ನು ರುಚಿ ಕೇಳದೆ ತಿಂದದ್ದಕ್ಕೆ ರಸತ್ಯಾಗ ಎಂದರು. ನೆಲ ನೋಡುತ್ತ ಪುಟ್ಟ ಹೆಜ್ಜೆ ಇಡುವುದನ್ನು ಕಂಡು, ಇರುವೆಯೂ ಸಾಯಬಾರದೆಂದು ನೋಡಿ ನಡೆಯುತ್ತಾರೆ ಎಂದು ಬಸದಿ ಕಮಿಟಿಯ ಅಧ್ಯಕ್ಷ ಭೂಪಾಲ ಮೈಕಿನಲ್ಲಿ ಹೇಳಿದ. ಒಂದು ಭಾನುವಾರ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ನನ್ನ ವೈರಾಗ್ಯಕ್ಕೆ ಸನ್ಮಾನ ಮಾಡಿದರು. ನನ್ನದೇ ಪತ್ರಿಕೆಯಲ್ಲಿ ಎರಡು ಕಾಲಮಿನ ಸುದ್ದಿ ಬಂತು. ಆ ಫೋಟೋ ನನ್ನ ಬಳಿ ಇದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಎರಡೂ ಕಾಲು ಅಗಲಿಸಿ, ಹಡಗಿನ ಮೇಲೆ ನಿಂತವನಂತೆ ನಾನು ನಿಂತಿರುವುದನ್ನು ಒಬ್ಬರೂ ನೋಡುತ್ತಿಲ್ಲ.

ಸುನಂದಾಳಿಗೆ ಹೆಮ್ಮೆಯಾಗಿತ್ತು. ಅನುಮಾನವೂ ಇತ್ತಂತೆ. ವೈರಾಗ್ಯ ಬಂದ ಗಂಡನಿಗೆ ಏನಾಗಿದೆ ಎಂದು ಕೇಳುವುದು ಪಾಪವಾದೀತೇನೋ ಎಂದು ಸುಮ್ಮನಿದ್ದೆ ಎನ್ನುತ್ತಾಳೆ. ನನಗೂ ಆ ಶಾಲು ಅನುಕೂಲವೇ ಆಗಿತ್ತು. ಅದರ ಕೆಳಗೆ ಅಡಗಿ ಕೂರಬಹುದಿತ್ತು.

ಆ ದಿನಗಳಲ್ಲಿ ಬೆಳಿಗ್ಗೆ ಅವಳು ನಮ್ಮಿಬ್ಬರನ್ನೂ ಬಸದಿಗೆ ಕರೆದೊಯ್ಯುತ್ತಿದ್ದಳು. ಮೂರು ಸುತ್ತು ಪ್ರದಕ್ಷಿಣೆ. ದಾದಾ ಸರಸರ ಮುಂದೆ ಹೋಗುತ್ತಿದ್ದ, ನಾನು ಗೋಡೆ ಹಿಡಿದು ಹಿಂದೆ. ಹಿಂದಿನ ಮೂಲೆಯಲ್ಲಿ ಒಂದು ಪಾರಿಜಾತದ ಗಿಡವಿದೆ. ದಾದಾ ಅಲ್ಲಿ ಮರೆಯಾದರೆ ಹೊರಗಿನ ಗೇಟಿನಿಂದ ಬೀದಿಗೆ ಹೋಗಿಬಿಡುತ್ತಾನೆ ಎಂದು ಅವಳು ದಿನಾ ಕೂಗುತ್ತಿದ್ದಳು: ‘ದಾದಾ, ಗಿಡದ ಹತ್ರ ನಿಂದರ್ರಿ. ನಿಮ್ಮ ತಮ್ಮ ಬರಾಕತ್ತಾರ.’ ಅವನು ನಿಲ್ಲುತ್ತಿದ್ದ. ತಿಂಗಳುಗಟ್ಟಲೆ ಇದು ನಡೆಯಿತು.

ನನ್ನನ್ನು ಉಳಿಸಿದವರು ಒಬ್ಬ ಮಾತಾಜಿ, ದಿಗಂಬರ ಪಂಥದ ಆರ್ಯಿಕೆ, ಅಂದರೆ ಸನ್ಯಾಸಿನಿ. ಬರಿಗಾಲಿನಲ್ಲಿ ಊರಿಂದ ಊರಿಗೆ ವಿಹಾರ ಮಾಡುತ್ತ ಬಂದು ಐನಾಪುರದಲ್ಲಿ ನಾಲ್ಕು ದಿನ ತಂಗಿದ್ದರು. ಸುನಂದಾ ನನ್ನನ್ನು ದರ್ಶನಕ್ಕೆ ಕರೆದೊಯ್ದಳು. ಭೂಪಾಲ ನನ್ನ ವ್ರತದ ವಿವರವನ್ನೆಲ್ಲ ಹೇಳಿದ. ಮಾತಾಜಿ ಕೇಳಿಸಿಕೊಳ್ಳುತ್ತಿದ್ದರು, ಕಣ್ಣು ಮಾತ್ರ ನನ್ನ ಪಾದದ ಮೇಲೆ. ನಮಸ್ಕರಿಸಿ ನಾನು ತಿರುಗಲು ಹೆಣಗುತ್ತಿದ್ದಾಗ ನಿಲ್ಲಿ ಎಂದರು. ಬಿದ್ದಿದ್ದಾರೆಯೇ ಎಂದು ಸುನಂದಾಳನ್ನು ಕೇಳಿದರು. ಆಮೇಲೆ ನನ್ನನ್ನು: ‘ನೀರು ಯಾಕ ಬಿಟ್ರಿ?’

ಎಷ್ಟು ಹೊತ್ತು ಸುಮ್ಮನಿದ್ದೆನೋ ಗೊತ್ತಿಲ್ಲ. ಅವರು ಕಾದರು. ನನ್ನ ಉತ್ತರಕ್ಕೆ ಅಷ್ಟು ಹೊತ್ತು ಕಾದವರು ಅವರೊಬ್ಬರೇ.

‘ವ್ರತ ಅಲ್ರಿ ಅಮ್ಮಾ,’ ಎಂದೆ. ‘ತಡಕೊಳ್ಳಾಕ ಆಗವಲ್ದು. ಹಾಸಗಿ ಹಸಿ ಆಗ್ತೈತಿ.’

ಸುನಂದಾ ಕೈಯಲ್ಲಿದ್ದ ಅಕ್ಕಿಯ ತಟ್ಟೆಯನ್ನು ಕೆಳಗಿಟ್ಟಳು. ಭೂಪಾಲ ಕೆಮ್ಮಿದ. ಮಾತಾಜಿಯವರ ಮುಖದಲ್ಲಿ ಏನೂ ಬದಲಾಗಲಿಲ್ಲ. ‘ನಾನು ನಡ್ಯಾಕಿ,’ ಎಂದರು. ‘ವರ್ಷಗಟ್ಟಲೆ ನಡದೇನಿ, ನನ್ನ ಜೋಡಿ ನಡದವರನ್ನ ನೋಡೇನಿ. ಎಲ್ಲಾ ಬಿಟ್ಟವರ ಕಾಲು ಹಗುರ ಇರ್ತಾವ. ಇವರ ಕಾಲು ನೆಲಾ ಹಿಡದಾವ. ಇದು ವೈರಾಗ್ಯ ಅಲ್ಲವ್ವಾ, ರೋಗ. ಮೊದಲ ಡಾಕ್ಟರಿಗೆ ತೋರಸ್ರಿ. ನೀರು ಕುಡಸ್ರಿ.’

ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಗಡಿಯಾಚೆಯ ಮಿರಜ. ನರರೋಗದ ವಿಭಾಗದ ಹೊರಗೆ ಉದ್ದನೆಯ ಬೆಂಚು. ಟೋಕನ್ ಸಂಖ್ಯೆಯನ್ನು ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಕೂಗುತ್ತಿದ್ದರು. ನಮಗಿಂತ ಮುಂದೆ ಹದಿನಾಲ್ಕು ಜನ. ಅಲ್ಲಿ ಕೂತ ಮೂರು ತಾಸಿನಲ್ಲಿ ನಾನು ಕಲಿತದ್ದನ್ನು ಇಷ್ಟು ವರ್ಷದ ವರದಿಗಾರಿಕೆಯಲ್ಲಿ ಕಲಿತಿರಲಿಲ್ಲ. ನನ್ನ ಪಾಲಿಗೆ ಮುಪ್ಪಿನ ಮರೆವು ಎಂದರೆ ಒಂದೇ ರೋಗ, ಅದಕ್ಕೆ ‘ಅರಳುಮರಳು’ ಎಂಬ ಒಂದೇ ಹೆಸರು. ಆ ಬೆಂಚಿನ ಮೇಲೆ ಕೂತವರಲ್ಲಿ ಒಬ್ಬರಂತೆ ಒಬ್ಬರಿರಲಿಲ್ಲ.

ನನ್ನ ಎಡಕ್ಕೆ ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರು ಕೂತಿದ್ದರು. ವಯಸ್ಸು ಐವತ್ತೈದು ಇರಬಹುದು. ಹೆಸರು, ತಾರೀಖು, ಫೋನ್ ನಂಬರು ಎಲ್ಲ ಬಾಯಿಪಾಠ. ಆದರೆ ಕೇಳದೆ ನಮ್ಮ ಡಬ್ಬಿಗೆ ಕೈಹಾಕಿ ಚಕ್ಕಲಿ ತಿಂದರು, ಎದುರಿನ ಮಗು ಅತ್ತಾಗ ಜೋರಾಗಿ ನಕ್ಕರು. ಮೊದಲು ಬಹಳ ಮರ್ಯಾದಸ್ಥರು, ಈಗ ಸತ್ತವರ ಮಣ್ಣಿಗೆ ಹೋದ ಕಡೆಯೂ ನಗುತ್ತಾರೆ ಎಂದು ಅವರ ಹೆಂಡತಿ ತಲೆ ತಗ್ಗಿಸಿ ಸುನಂದಾಳಿಗೆ ಹೇಳಿದರಂತೆ. ಎರಡು ವರ್ಷ ಊರೆಲ್ಲ ಅದನ್ನು ಸೊಕ್ಕು ಎಂದಿತ್ತು. ಮಿದುಳಿನ ಮುಂಭಾಗ ಸೊರಗುವ ರೋಗ ಎಂದು ಗೊತ್ತಾದಾಗ ಆಕೆಗೆ ಅಳುವಿನ ಜೊತೆಗೆ ಸಮಾಧಾನವೂ ಆಯಿತಂತೆ.

ಬಲಕ್ಕೆ ದಿಗ್ಗೇವಾಡಿಯ ಗಂಗವ್ವ, ಜೊತೆಗೆ ಸೊಸೆ. ಗಂಗವ್ವನಿಗೆ ಒಲೆಯ ಹತ್ತಿರ ಪುಟ್ಟ ಮಕ್ಕಳು ಕೂತಂತೆ ಕಾಣುತ್ತದೆ. ಬೆಳಿಗ್ಗೆ ಚುರುಕಾಗಿ ಮಾತಾಡುವ ಹೆಂಗಸು ಮಧ್ಯಾಹ್ನ ಮಂಕಾಗಿಬಿಡುತ್ತಾಳೆ, ಮರುದಿನ ಮತ್ತೆ ಚುರುಕು. ಕೈ ಸಣ್ಣಗೆ ನಡುಗುತ್ತಿತ್ತು. ಇದೂ ಬೇರೆಯೇ ಬಗೆ ಎಂದು ಡಾಕ್ಟರು ಹೇಳಿದ್ದರಂತೆ.

‘ಆ ಮಕ್ಕಳ ಸಲುವಾಗಿ ದಿನಾ ಎರಡು ರೊಟ್ಟಿ ಹೆಚ್ಚಿಗಿ ಬಡೀತೀನ್ರಿ,’ ಎಂದಳು ಸೊಸೆ. ‘ಇಲ್ಲಂದ್ರ ನಮ್ಮತ್ತಿ ಉಣ್ಣಂಗಿಲ್ಲ. ಕಡೀಕ ನಾಯಿ ತಿಂತೈತಿ. ನಾಯಿ ಪೈಲ್ವಾನ ಆಗೇತಿ.’

ಗಂಗವ್ವ ನನ್ನ ಕಡೆ ಬಾಗಿ, ಗುಟ್ಟು ಹೇಳುವವಳಂತೆ, ‘ಅವು ಇಲ್ಲಂತ ನಂಗೂ ಗೊತ್ತೈತಿ ತಮ್ಮಾ,’ ಎಂದಳು. ‘ಆದ್ರ ಕುಂತಾವಲ್ಲ. ಕುಂತವರಿಗೆ ಉಣ್ತೀರೇನು ಅಂತ ಕೇಳಲಾರದ ಹೆಂಗ ಇರೂದು?’

ಅದಕ್ಕೆ ಹೇಳಬೇಕಾದ ಉತ್ತರ ನನಗೆ ಹೊಳೆದದ್ದು ಅವರ ಟೋಕನ್ ಕೂಗಿ, ಅವರು ಒಳಗೆ ಹೋದ ಮೇಲೆ.

ನಮ್ಮ ಸರದಿ ಬಂತು. ಡಾಕ್ಟರು ನಡುವಯಸ್ಸಿನ ಹೆಂಗಸು, ಮರಾಠಿ ಬೆರೆತ ಕನ್ನಡ. ದಾದಾನ ಕಾಗದಗಳನ್ನು ಸುನಂದಾ ಮೊದಲೇ ಮುಂದಿಟ್ಟು, ಇವರಿಗೂ ಅದೇ ಇರಬೇಕು ಎಂದಳು. ಡಾಕ್ಟರು ಅವನ್ನು ಪಕ್ಕಕ್ಕೆ ಸರಿಸಿದರು. ನೆನಪಿನ ಮಾತು ಆಮೇಲೆ, ಮೊದಲು ನಡೆದು ತೋರಿಸಿ ಎಂದರು. ನಾನು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವರು ಪೆನ್ನು ಕೆಳಗಿಟ್ಟು ಕುರ್ಚಿಯ ತುದಿಗೆ ಬಂದಿದ್ದರು. ಪತ್ತೆ ಹತ್ತಿದವರ ಮುಖ ನನಗೆ ಗೊತ್ತು. ಮೂತ್ರದ ತೊಂದರೆ ಇದೆಯೇ ಎಂದು ಅವರೇ ಕೇಳಿದರು. ಹೌದೆಂದಾಗ ಅವರ ಮುಖದಲ್ಲಿ ಒಂದು ಬಗೆಯ ಸಂತೋಷವನ್ನೇ ಕಂಡೆ.

ಎರಡು ದಿನದ ಮೇಲೆ ಸ್ಕ್ಯಾನಿನ ಚಿತ್ರಗಳನ್ನು ದೀಪದ ಮುಂದೆ ಹಿಡಿದರು. ತಲೆಯ ನಡುವೆ ಚಿಟ್ಟೆಯಂಥ ಒಂದು ಕಪ್ಪು ಆಕಾರ ಹಿಗ್ಗಿ ನಿಂತಿತ್ತು. ಮಿದುಳಿನೊಳಗಿನ ನೀರು ಹರಿದು ಹೋಗದೆ ಅಲ್ಲೇ ನಿಂತಿದೆ, ಎಂದರು. ಸುನಂದಾ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅವಳ ತವರಿನ ಹೊಲ ಕೃಷ್ಣೆಯ ದಂಡೆಗೆ, ನೀರು ನಿಂತು ನಿಂತು ಉಪ್ಪೇರಿ ಅರ್ಧ ಸವಳಾದದ್ದು.

‘ಕಬ್ಬಿನ ಹೊಲದಾಗ ನೀರು ನಿಂತಂಗ ಏನ್ರಿ?’ ಎಂದು ಕೇಳಿದಳು. ‘ಬೆಳಿ ಹಳದಿ ಆಗ್ತೈತಿ, ಸಾಯೂದಿಲ್ಲ. ಬಸಿಗಾಲುವಿ ತಗದ್ರ ಮತ್ತ ಏಳ್ತೈತಿ.’

ಡಾಕ್ಟರಿಗೆ ಅದು ಎಷ್ಟು ಹಿಡಿಸಿತೆಂದರೆ ಮುಂದಿನದನ್ನೆಲ್ಲ ಹೊಲದ ಭಾಷೆಯಲ್ಲೇ ಹೇಳಿದರು. ತಲೆಯಿಂದ ಹೊಟ್ಟೆಗೆ ಚರ್ಮದ ಕೆಳಗೆ ಒಂದು ಸಣ್ಣ ನಳಿಕೆ ಹಾಕಿ ನೀರು ಬಸಿದು ಹೋಗುವಂತೆ ಮಾಡಬಹುದು. ಆದರೆ ಎಲ್ಲ ಹೊಲವೂ ಏಳುವುದಿಲ್ಲ. ಅಣ್ಣನ ರೋಗವೂ ಜೊತೆಗಿದ್ದರೆ ಕಾಲುವೆ ತೆಗೆದೂ ಹೆಚ್ಚು ಪ್ರಯೋಜನವಾಗದು. ಅದಕ್ಕೇ ಮೊದಲು ಬೆನ್ನಿನಿಂದ ಸ್ವಲ್ಪ ನೀರು ತೆಗೆದು ನೋಡೋಣ. ನಡಿಗೆ ಸುಧಾರಿಸಿದರೆ ಮುಂದಿನ ಮಾತು.

ಅಂದರೆ ನಾನು ದಾದಾನ ದಾರಿಯಲ್ಲಿದ್ದೇನೋ ಬೇರೆ ದಾರಿಯಲ್ಲೋ ಎಂಬುದು ಮೂರು ಮೀಟರ್ ನೆಲದ ಮೇಲೆ ತೀರ್ಮಾನವಾಗಬೇಕಿತ್ತು.

ನೀರು ತೆಗೆಯುವ ಮೊದಲು ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಮೂರು ಮೀಟರ್ ನಡೆಸಿ, ತಿರುಗಿಸಿ, ಮತ್ತೆ ಕೂರಿಸಿ ಸಮಯ ನೋಡಿದರು. ಮೂವತ್ತೆಂಟು ಸೆಕೆಂಡು. ಬೆನ್ನಿನ ಕೆಳಭಾಗದಲ್ಲಿ ಸೂಜಿ ಹಾಕಿದಾಗ ಸುನಂದಾ ಬಾಗಿಲ ಹೊರಗೆ ಣಮೋಕಾರ ಮಂತ್ರ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಬಂದ ನೀರು ಎಳನೀರಿಗಿಂತ ತಿಳಿಯಾಗಿತ್ತು. ಸಂಜೆ ಮತ್ತೆ ನಡೆಸಿದರು. ಮೂವತ್ತಾರು. ಕೆಲವರಿಗೆ ತಡವಾಗುತ್ತದೆ ಎಂದು ಡಾಕ್ಟರು ಹೇಳಿ ಹೋದರು. ಸುನಂದಾ ಗೋಡೆಯ ಕಡೆ ಮುಖ ಮಾಡಿ ನನ್ನ ಬಟ್ಟೆ ಮಡಚಿದಳು, ಮಡಚಿದ್ದನ್ನೇ ಮತ್ತೆ ಮಡಚಿದಳು.

ಮರುದಿನ ಬೆಳಿಗ್ಗೆ ಅವಳು ಚಹಾ ತರಲು ಹೋದಳು. ತಿರುಗಿ ಬಂದಾಗ ಹಾಸಿಗೆ ಖಾಲಿ. ದಾದಾನನ್ನು ಹುಡುಕಿ ಹುಡುಕಿ ಅಭ್ಯಾಸವಾದವಳು ಚಹಾವನ್ನು ಅಲ್ಲೇ ಇಟ್ಟು ಓಡಿದಳಂತೆ. ನಾನು ಪಡಸಾಲೆಯ ಆ ತುದಿಯಲ್ಲಿ, ಬಚ್ಚಲಿಗೆ ಹೋಗಿ ಬಂದವನು, ಗೋಡೆಯ ಸೂಚನಾ ಫಲಕ ಓದುತ್ತ ನಿಂತಿದ್ದೆ. ಅದರಲ್ಲಿ ಎರಡು ಅಚ್ಚಿನ ತಪ್ಪು ಸಿಕ್ಕಿದ್ದವು. ನಡೆದು ಬಂದೆ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಕಾಲನ್ನು ಎತ್ತಬೇಕು ಎಂದು ನೆನಪು ಮಾಡಿಕೊಳ್ಳದೆ ಕಾಲು ಎದ್ದಿತ್ತು. ಅದು ತಿಳಿದದ್ದು ಅವಳ ಮುಖ ನೋಡಿದ ಮೇಲೆ.

ಮತ್ತೆ ಸಮಯ ನೋಡಿದರು. ಹತ್ತೊಂಬತ್ತು ಸೆಕೆಂಡು. ನಾನೇ ಗಡಿಯಾರ ಇಸಕೊಂಡು ನೋಡಿ ಪುಸ್ತಕದಲ್ಲಿ ಬರೆದುಕೊಂಡೆ. ಆ ಪುಟದ ಅಕ್ಷರ ಹಿಂದಿನ ಪುಟದ್ದಕ್ಕಿಂತ ದೊಡ್ಡದಾಗಿದೆ. ಡಾಕ್ಟರು ಬಂದರು. ಅವರು ಬಾಯಿ ತೆರೆಯುವ ಮೊದಲು ನಾನು ಕೇಳಿದೆ:

‘ಮೇಡಂ, ತಗದ ನೀರು ಮತ್ತ ತುಂಬತೈತೋ ಇಲ್ಲೋ? ತುಂಬಿದ್ರ ಎಷ್ಟು ದಿನಕ್ಕ? ಆ ನಳಿಕಿ ಕಟ್ಟಿಕೊಂಡ್ರ ನಮಗ ಹೆಂಗ ಗೊತ್ತಾಗಬೇಕು?’

ಸುನಂದಾ ದೊಪ್ಪನೆ ಸ್ಟೂಲಿನ ಮೇಲೆ ಕೂತಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇದ್ದವು. ‘ಪ್ರಶ್ನಿ ಕೇಳಾಕತ್ತಾರ,’ ಎಂದು ಡಾಕ್ಟರಿಗೆ ಹೇಳಿದಳು. ‘ಇವರು ಪ್ರಶ್ನಿ ಕೇಳಿ ಎಂಟು ತಿಂಗಳಾತ್ರಿ.’

ತುಂಬುತ್ತದೆ ಎಂದರು ಡಾಕ್ಟರು. ತುಂಬಿತು ಕೂಡ. ಆರನೆಯ ದಿನಕ್ಕೆ ಕಾಲು ಮತ್ತೆ ನೆಲ ಹಿಡಿಯಿತು. ಆದರೆ ಈಗ ಅದು ಭಯವಾಗಿರಲಿಲ್ಲ. ಶತ್ರು ಯಾರೆಂದು, ಎಲ್ಲಿದ್ದಾನೆಂದು ಗೊತ್ತಾಗಿತ್ತು.

ಶಸ್ತ್ರಚಿಕಿತ್ಸೆಯ ದಿನದ ಬಗ್ಗೆ ನನಗೆ ಗೊತ್ತಿರುವುದು ಅರ್ಧ ತಲೆ ಬೋಳಿಸಿದ್ದು ಮಾತ್ರ. ಉಳಿದದ್ದು ಸುನಂದಾಳ ಮಾತು. ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲ. ಅದೇ ದಿನ ತಪಾಸಣೆಗೆ ಬಂದ ಗಂಗವ್ವನ ಸೊಸೆ ಅವಳನ್ನು ಬೆಂಚಿನ ಮೇಲೆ ಕಂಡು, ಬುತ್ತಿ ಬಿಚ್ಚಿ ಎರಡು ರೊಟ್ಟಿ ಕೈಗಿಟ್ಟಳು. ಮಕ್ಕಳ ಪಾಲಿನವು. ಇವತ್ತು ಆ ಮಕ್ಕಳು ಬಂದಿಲ್ಲ, ನೀವೇ ತಿನ್ನಿ ಎಂದಳಂತೆ. ಪಕ್ಕದಲ್ಲಿದ್ದ ಗಂಗವ್ವ, ಬಂದಿದ್ದಾವೆ, ಆದರೆ ಹಸಿವಿಲ್ಲ ಅನ್ನುತ್ತಿದ್ದಾವೆ ಎಂದು ತಿದ್ದಿದಳಂತೆ. ಸುನಂದಾ ನಕ್ಕು, ಎರಡನ್ನೂ ತಿಂದಳು.

ಈಗ ನನ್ನ ಕಿವಿಯ ಹಿಂದೆ ಒಂದು ಉಬ್ಬು ಇದೆ, ಕುತ್ತಿಗೆಯಲ್ಲಿ ನಳಿಕೆ ಕೈಗೆ ತಾಗುತ್ತದೆ. ನೋಡಲು ಬಂದ ಬಂಧುಗಳಿಗೆ ಸುನಂದಾ ಹೇಳುವುದು ಒಂದೇ ಮಾತು: ಇವರ ತಲೆಗೆ ಬಸಿಗಾಲುವೆ ಹಾಕಿದ್ದಾರೆ. ಹಳ್ಳಿಯ ಎಲ್ಲರಿಗೂ ಅರ್ಥವಾಗುತ್ತದೆ.

ಎಲ್ಲವೂ ತಿರುಗಿ ಬಂತು ಎಂದು ಬರೆದರೆ ಅದು ಸುಳ್ಳು ಸುದ್ದಿಯಾಗುತ್ತದೆ. ಸಂಜೆ ದಣಿದಾಗ ಹೆಸರುಗಳು ತಡವಾಗಿ ಬರುತ್ತವೆ. ಆ ಎಂಟು ತಿಂಗಳಲ್ಲಿ ಎರಡು ಮದುವೆಗೆ ಹೋಗಿದ್ದೆನಂತೆ, ಒಂದೂ ನೆನಪಿಲ್ಲ. ಆರು ತಿಂಗಳಿಗೊಮ್ಮೆ ಮಿರಜಿಗೆ ಹೋಗಿ ಕಾಲುವೆ ಹರಿಯುತ್ತಿದೆಯೇ ಎಂದು ನೋಡಿಸಬೇಕು. ಆದರೆ ನೀರು ಕುಡಿಯುತ್ತೇನೆ, ಹೊಟ್ಟೆ ತುಂಬ, ಸೂರ್ಯ ಮುಳುಗುವ ತನಕ.

ಎರಡು ತಿದ್ದುಪಡಿಗಳಿವೆ. ಒಂದು, ನನ್ನ ವೈರಾಗ್ಯದ ಬಗ್ಗೆ ಬಂದ ಸುದ್ದಿಯದು. ಅದಕ್ಕೆ ಈ ಬರಹವೇ ತಿದ್ದುಪಡಿ. ಶಾಲನ್ನು ಮಡಚಿ ಭೂಪಾಲನಿಗೆ ಹಿಂದಿರುಗಿಸಲು ಹೋಗಿದ್ದೆ. ಅವನು ತೆಗೆದುಕೊಳ್ಳಲಿಲ್ಲ. ‘ಇರ್ಲಿ ಬಿಡ್ರಿ ಕಾಕಾ,’ ಎಂದ. ‘ಆಗ ತಪ್ಪಿ ಹೊಚ್ಚಿದ್ವಿ. ಈಗ ನಡದ ಬಂದೀರಲ್ಲ, ಇದಕ್ಕ ಇಟಗೋರಿ.’

ಇನ್ನೊಂದು ನನ್ನ ವೃತ್ತಿಯದು. ಕಾಣೆಯಾದ ವೃದ್ಧರ ಬಗ್ಗೆ ನಾನು ಎಷ್ಟೋ ಸುದ್ದಿ ಬರೆದಿದ್ದೇನೆ, ಎಲ್ಲಕ್ಕೂ ಒಂದೇ ವಾಕ್ಯ: ‘ಮಾನಸಿಕ ಅಸ್ವಸ್ಥರಾಗಿದ್ದರು.’ ಅವರಲ್ಲಿ ಯಾರಿಗೆ ನೆನಪು ಹೋಗಿತ್ತು, ಯಾರಿಗೆ ಇಲ್ಲದವರು ಕಾಣುತ್ತಿದ್ದರು, ಯಾರ ತಲೆಯಲ್ಲಿ ನನ್ನಂತೆ ಬರೀ ನೀರು ನಿಂತಿತ್ತು, ಒಮ್ಮೆಯೂ ಕೇಳಲಿಲ್ಲ. ಕೇಳಬೇಕಿತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ, ಅವರ ಮನೆತನದ ರೋಗವನ್ನು ನೋಡಿ ತೀರ್ಪು ಕೊಡಬೇಡಿ. ಅವರ ಕಾಲು ನೋಡಿ. ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯಿರಿ.

ಈಗ ಬೆಳಿಗ್ಗೆ ದಾದಾನನ್ನು ಬಸದಿಗೆ ನಾನೇ ಕರೆದೊಯ್ಯುತ್ತೇನೆ. ಸುನಂದಾ ಮನೆಯಲ್ಲೇ ಇರುತ್ತಾಳೆ, ಕೂಗಲು ಯಾರೂ ಇಲ್ಲ. ಅವನ ದಾರಿಯಲ್ಲಿ ತಿರುಗಿ ಬರುವ ಹೆಜ್ಜೆಯಿಲ್ಲ, ಅದು ನನಗೆ ಗೊತ್ತು. ಮೂರು ಸುತ್ತಿನಲ್ಲೂ ಅವನು ಸರಸರ ಮುಂದೆ, ನಾನು ಅವನ ಬೆನ್ನಿಗೇ. ನಾನು ಒಂದೇ ಗೇಣು ಹಿಂದಿದ್ದರೂ, ಪಾರಿಜಾತದ ಗಿಡ ಬಂದ ಕೂಡಲೇ ದಾದಾ ನಿಂತುಬಿಡುತ್ತಾನೆ. ಯಾರಿಗಾಗಿ ನಿಂತಿದ್ದೀಯ ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ತಿರುಗಿ ನೋಡುತ್ತಾನೆ, ನನ್ನ ಮುಖ ಗುರುತು ಹತ್ತುವುದಿಲ್ಲ, ನನ್ನನ್ನು ದಾಟಿ ಗೋಡೆಯುದ್ದಕ್ಕೂ ಕಣ್ಣು ಹಾಯಿಸುತ್ತಾನೆ. ಗೋಡೆ ಹಿಡಿದು ಪುಟ್ಟ ಹೆಜ್ಜೆ ಇಡುತ್ತ ಯಾರೋ ಬರಬೇಕಾಗಿದೆ.

‘ತಡೀರಿ,’ ಎಂದು ನನಗೆ ಹೇಳುತ್ತಾನೆ. ‘ನಮ್ಮ ತಮ್ಮ ಬರಾಂವ ಅದಾನ.’

ನಾನು ಅವನ ಪಕ್ಕದಲ್ಲಿ ನಿಂತು ಕಾಯುತ್ತೇನೆ.